ಸ್ವಂತ ಬೀಜದ ಸಂಕೇಶ್ವರಿ ಮೆಣಸಿನಕಾಯಿ, ನಡುನಡುವ ಸಪ್ಪನ ಗಿಡ: ಬಾಜೂ ಹೊಲದ ಢಬ್ಬು ಮೆಣಸಿನಕಾಯಿ ಕಾರಣೇನ್ರಿ?

ಹೊಳಿದಂಡಿ ಅಕ್ಕ (ಸಂಕೇಶ್ವರ)

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮದು ಸಂಕೇಶ್ವರದ ಹತ್ರ, ಹಿರಣ್ಯಕೇಶಿ ಹೊಳಿಯಿಂದ ಸ್ವಲ್ಪ ಮ್ಯಾಲಕ, ಮಳಿ ಮ್ಯಾಲಿನ ಹೊಲ. ಸಂಕೇಶ್ವರಿ ಮೆಣಸಿನಕಾಯಿ ನಮ್ಮ ಅತ್ತಿಯವರ ಕಾಲದಿಂದ ಹಾಕ್ಕೋತ ಬಂದೇವಿ, ಬೀಜ ಅಂಗಡ್ಯಾಗ ಕೊಂಡದ್ದ ಇಲ್ಲ. ಕಣದಾಗ ಕಾಯಿ ಒಣಗಿದ ಮ್ಯಾಲ ಅತ್ತಿಯವರು ರಾಶಿಯೊಳಗ ಕೈಯಾಡಿಸಿ, ಉದ್ದಂದು, ತುಸು ದಪ್ಪಂದು, ಬಣ್ಣ ಕಟ್ಟಿದ್ದು ನೋಡಿ ಆರಿಸಿ ಇಡ್ತಾರ. ಮುಂದಿನ ವರ್ಷದ ಬೀಜ ಅದ.

ಈ ಸಲ ಕಾಯಿ ಬಿಡಿಸಾಕ ಬಂದ ಹೆಣ್ಣಾಳುಗಳು ಅಂದ್ರು, "ಅಕ್ಕಾರ, ಕೆಲವು ಗಿಡದ ಕಾಯಿ ಕೈಗೆ ಉರಿ ಹತ್ತವಲ್ವು." ಮೆಣಸಿನಕಾಯಿ ಬಿಡಿಸಿದಾಕಿ ಸಂಜಿಮುಂದ ತನ್ನ ಕೂಸಿನ ಮುಖ ಮುಟ್ಟಾಕ ಹೆದರ್ತಾಳ, ಹಂಗಾಗಿ ಇದು ಅವರಿಗೆ ಲಗೂನ ಗೊತ್ತಾಗತೈತಿ. ನಾನೂ ಒಂದು ಕೆಂಪ ಹಣ್ಣಗಾಯಿ ಮುರದು ನಾಲಿಗಿಗೆ ಹಚ್ಚಿ ನೋಡಿದೆ. ಖಾರದ ವಾಸನಿನೂ ಇಲ್ಲ, ಸಿಹಿ ಸಿಹಿ. ಅದರ ಪಕ್ಕದ ಗಿಡದ್ದು ಕಡದೆ, ಕಣ್ಣಾಗ ನೀರು ಬಂದು ಒಂದು ತಂಬಿಗಿ ಮಜ್ಜಿಗಿ ಕುಡದೆ.

ಮನ್ಯಾಗ ಮೂರು ಮಂದಿಗೆ ಮೂರು ಮಾತು. ಅತ್ತಿಯವರು "ಮೂಡಲ ಬದುವಿನ ಆಚೆ ಶೇಡ್‌ನೆಟ್ ಹಾಕಿ ಢಬ್ಬು ಮೆಣಸಿನಕಾಯಿ ಬೆಳದಾರ, ಅದರ ಗಾಳಿ ಬಡದೈತಿ" ಅಂತಾರ. ಮನಿಯವರು ಈ ವರ್ಷ ಮಳಿ ಜಾಸ್ತಿ ಆತು ಅಂತಾರ. ಮಗ "ಬೀಜ ಹಳೇದಾಗಿ ಸತ್ವ ಹೋಗೇತಿ, ಹೈಬ್ರಿಡ್ ಪಾಕೀಟು ತರೂಣು" ಅಂತಾನ.

ನಾನು ಬೆಳಗಾವ್ಯಾಗ ಒಂದಿಷ್ಟು ಮನಿಗೆ ಮಸಾಲಿ ಖಾರ ಕುಟ್ಟಿಸಿ ಕೊಡ್ತೀನಿ. ಅವರಿಗೆ ವರ್ಷಾ ಒಂದ ನಮೂನಿ ಖಾರ ಬೇಕು. ಬಾಜೂ ಹೊಲದ ಗಾಳಿಗೆ ನಮ್ಮ ಕಾಯಿ ಸಪ್ಪಗ ಆಗತೈತೇನು? ಈ ಬೀಜ ಮುಂದ ನಡೀತೈತೇನು? ತಿಳದವರು ಹೇಳ್ರಿ.


ಎರಿಹೊಲ (ಹುನಗುಂದ)

ಅಕ್ಕಾರ, ನಿಮ್ಮ ಯಜಮಾನರು ಹೇಳಿದ್ದ ಖರೆ. ಖಾರ ಅನ್ನೂದು ಭೂಮಿದು ಮತ್ತು ನೀರಿಂದು. ನಮ್ಮ ಕಡೆ ಅದ ಬೀಜ ಎರಿ ಹೊಲದಾಗ ಮಳಿ ಮ್ಯಾಲ ಬೆಳದ್ರ ಒಂದು ಖಾರ, ಮಸಾರಿಯೊಳಗ ನೀರು ಬಿಟ್ಟು ಬೆಳದ್ರ ಇನ್ನೊಂದು. ಮಳಿ ಹೆಚ್ಚಾದ ವರ್ಷ ಖಾರ ಇಳೀತೈತಿ. ಇದಕ್ಕ ವಿಜ್ಞಾನ ಬ್ಯಾಡ, ನಾಲಿಗಿ ಸಾಕು.


ಅರಭಾವಿ ಹಳೇ ಹುಡುಗ (ಬಾಗಲಕೋಟೆ)

ನಾನು ಅರಭಾವಿ ತೋಟಗಾರಿಕೆ ಕಾಲೇಜಿನ್ಯಾಗ ಕಲ್ತಾಂವ, ಈಗ ತರಕಾರಿ ಬೀಜದ ಪ್ಲಾಟ್ ನೋಡ್ಕೋತೀನಿ. ಉತ್ತರ ಹೇಳೂಕಿಂತ ಮೊದಲ ಅಕ್ಕಾರಿಗೆ ನಂದ ಪ್ರಶ್ನೆ ಅದಾವು. ಸಪ್ಪನ ಗಿಡದಾಗ ಎಲ್ಲಾ ಕಾಯಿ ಸಪ್ಪನ ಏನು, ಇಲ್ಲಾ ಒಂದೆರಡು ಖಾರನೂ ಸಿಗತಾವೇನು? ಆ ಗಿಡ ಮೂಡಲ ಬದುವಿನ ಕಡೇನ ಅದಾವೋ, ಹೊಲದ ತುಂಬಾ ಚೆಲ್ಲಾಪಿಲ್ಲಿ ಅದಾವೋ? ಶೇಡ್‌ನೆಟ್ ಯಾವಾಗ ಬಂತು, ಅದಕ್ಕಿಂತ ಮೊದಲ ಆ ಹೊಲದಾಗ ಏನ ಹಾಕಿದ್ರು? ಇದು ಗೊತ್ತಾದ್ರ ಅರ್ಧ ಕೆಲಸ ಮುಗೀತು.


ಹೊಳಿದಂಡಿ ಅಕ್ಕ

ಅಣ್ಣಾರ, ಇವತ್ತ ಹೊಲಕ್ಕ ಹೋಗಿ ನೋಡಿ ಬಂದೆ. ಸಪ್ಪನ ಗಿಡದಾಗ ಎಲ್ಲಾ ಸಪ್ಪನ, ಹಸಿಗಾಯಿ ಆದ್ರೂ ಹಣ್ಣಗಾಯಿ ಆದ್ರೂ. ಖಾರದ ಗಿಡದಾಗ ಒಂದೂ ಸಪ್ಪಂದಿಲ್ಲ. ಬದುವಿಗೂ ಅದಕ್ಕೂ ಸಂಬಂಧಿಲ್ಲ, ಪಡುವಲ ಕಡೆ ಸಾಲಿನ್ಯಾಗೂ ಅದಾವು, ಅಲ್ಲೊಂದು ಇಲ್ಲೊಂದು. ಸಪ್ಪನ ಕಾಯಿ ನೋಡಾಕ ಸ್ವಲ್ಪ ಮೈ ತುಂಬಿದಂಗ, ತುದಿ ಮೊಂಡ.

ಶೇಡ್‌ನೆಟ್ ಈ ವರ್ಷ ಯುಗಾದಿ ಆದ ಮ್ಯಾಲ ಬಂದದ್ದು. ಹ್ವಾದ ವರ್ಷ ಅಲ್ಲಿ ಗೋವಿನಜೋಳ ಇತ್ತು. ಅದರ ಹಿಂದಿನ ವರ್ಷ ಬಯಲಾಗ, ಡ್ರಿಪ್ ಹಾಕಿ ಢಬ್ಬು ಮೆಣಸಿನಕಾಯಿನ ಹಚ್ಚಿದ್ರು. ರೇಟು ಬಿದ್ದು ಅರ್ಧ ಕಾಯಿ ಗಿಡದಾಗ ಬಿಟ್ಟು ರೂಟರ್ ಹೊಡಿಸಿದ್ದು ನೆನಪೈತಿ.


ಅರಭಾವಿ ಹಳೇ ಹುಡುಗ

ನೀವು ಕೊಟ್ಟ ಲೆಕ್ಕ ಎಷ್ಟು ಸರಿಯಾಗಿ ಕೂಡ್ತೈತಿ ಅಂದ್ರ ಇದನ್ನ ನಮ್ಮ ಪರೀಕ್ಷಾದಾಗ ಪ್ರಶ್ನೆ ಮಾಡಿ ಕೇಳಬಹುದಿತ್ತು. ಉದ್ದ ಆಗತೈತಿ, ಚಹಾ ಮಾಡ್ಕೊಂಡು ಕುಂಡ್ರಿ.

ಮೊದಲನೇದು, ಈ ವರ್ಷದ ಶೇಡ್‌ನೆಟ್ ನಿರಪರಾಧಿ. ಖಾರ ತಯಾರಾಗೂದು ಕಾಯಿ ಒಳಗಿನ ಬಿಳಿ ದಿಂಡಿನ್ಯಾಗ, ಬೀಜ ಅಂಟಿಕೊಂಡಿರತಾವಲ್ಲ ಅಲ್ಲಿ. ಆ ದಿಂಡು, ಕಾಯಿ ತೊಗಲು, ತೊಟ್ಟು ಎಲ್ಲಾ ತಾಯಿ ಗಿಡದ ಮೈ. ಹೊರಗಿನಿಂದ ಬಂದ ಪರಾಗದ ಗುಣ ಸೇರೂದು ಬೀಜದೊಳಗ ಮಾತ್ರ. ಹೊಟ್ಟ್ಯಾಗಿನ ಕೂಸು ಅಪ್ಪನ್ನ ಹೋತೈತಿ ಅಂತ ಬಸುರಿ ಮುಖ ಬದಲಾಗತೈತೇನು? ಹಂಗ. ಢಬ್ಬು ಮೆಣಸಿನಕಾಯಿ ಪರಾಗ ಇವತ್ತ ನಿಮ್ಮ ಹೂವಿಗೆ ಬಿದ್ರೂ ಆ ಹೂವಿನ ಕಾಯಿ ಖಾರನ ಇರತೈತಿ. ಪರಿಣಾಮ ಕಾಣೂದು ಆ ಬೀಜ ಬಿತ್ತಿ ಬೆಳದ ಗಿಡದಾಗ. ಹಂಗಾರ ತಪ್ಪು ಹ್ವಾದ ವರ್ಷದ್ದು ಅಂತ ನೀವು ಅನ್ನಬಹುದು, ಆದ್ರ ಹ್ವಾದ ವರ್ಷ ಆ ಹೊಲದಾಗ ಗೋವಿನಜೋಳ ಇತ್ತು.

ಇಲ್ಲೇ ಮಜಾ ಇರೂದು. ಖಾರ ಐತೋ ಇಲ್ಲೋ ಅನ್ನೂದನ್ನ ನಮ್ಮ ಊಟದ ಮೆಣಸಿನಕಾಯಿ ಜಾತಿಯೊಳಗ ಹೆಚ್ಚುಕಡಿಮಿ ಒಂದ ಜೀನ್ ನಿರ್ಧಾರ ಮಾಡತೈತಿ. 1935ರಾಗನ ಆರ್. ಬಿ. ದೇಶಪಾಂಡೆ ಅನ್ನೂವರು ಭಾರತದ ಮೆಣಸಿನಕಾಯಿ ಮ್ಯಾಲ ಕೆಲಸ ಮಾಡಿ, ಖಾರ ಪ್ರಬಲ, ಸಪ್ಪ ದುರ್ಬಲ, ಒಂದ ಜೀನ್‌ನ ಲೆಕ್ಕ ಅಂತ ಬರದಿದ್ರು. ಆ ಜೀನ್ ಯಾವುದು, ಏನ ಮಾಡತೈತಿ ಅಂತ 2005ರಾಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಬಿಡಿಸಿ ಹೇಳ್ತು. ಹೆಸರು ಪನ್1, ಇರೂದು ಎರಡನೇ ವರ್ಣತಂತುವಿನ್ಯಾಗ. ಖಾರದ ವಸ್ತು ಕ್ಯಾಪ್ಸೈಸಿನ್ ಎರಡು ತುಂಡು ಕೂಡಿ ಆಗೂವಂಥಾದ್ದು. ಒಂದು ತುಂಡು ವೆನಿಲ್ಲಾದ ಪರಿಮಳದ ಬಳಗದ್ದು, ಇನ್ನೊಂದು ಕೊಬ್ಬಿನ ಆಮ್ಲದ್ದು. ಅವೆರಡನ್ನೂ ಕಡೀಕ ಜೋಡಿಸೂ ಕಿಣ್ವ ಈ ಜೀನಿಂದ ಬರತೈತಿ. ಢಬ್ಬು ಮೆಣಸಿನಕಾಯಿಯೊಳಗ ಈ ಜೀನ್‌ನ ಮುಂದಿನ ಭಾಗ, ಡಿಎನ್‌ಎದ ಸುಮಾರು 2500 ಅಕ್ಷರದಷ್ಟು ಉದ್ದ, ಕಡದು ಹೋಗೇತಿ. ಜೀನ್ ಚಾಲೂನ ಆಗಂಗಿಲ್ಲ, ಜೋಡಿಸಾಕ ಕಿಣ್ವಿಲ್ಲ, ಖಾರ ಇಲ್ಲ.

ಪ್ರತಿ ಗಿಡದಾಗ ಈ ಜೀನ್‌ನ ಎರಡು ಪ್ರತಿ ಇರತಾವು, ತಾಯಿ ಕಡಿಂದು ಒಂದು, ತಂದಿ ಕಡಿಂದು ಒಂದು. ಒಂದು ಪ್ರತಿ ನೆಟ್ಟಗಿದ್ರೂ ಕಾಯಿ ಖಾರ. ಎರಡೂ ಕೆಟ್ಟಿದ್ರ ಮಾತ್ರ ಸಪ್ಪ.

ಈಗ ನಿಮ್ಮ ಹೊಲಕ್ಕ ಬರೂಣು. ಎರಡು ಹಂಗಾಮಿನ ಹಿಂದ ಬಯಲಾಗಿನ ಢಬ್ಬು ಗಿಡದಿಂದ ಜೇನುಹುಳ ಪರಾಗ ತಂದು ನಿಮ್ಮ ಹೂವಿಗೆ ಹಚ್ಚಿದ್ವು. ಆ ವರ್ಷ ಕಾಯಿಯೊಳಗ ಏನೂ ಕಾಣಲಿಲ್ಲ. ಆ ಬೀಜ ಹ್ವಾದ ವರ್ಷ ಗಿಡ ಆತು, ಒಂದು ನೆಟ್ಟಗಿನ ಪ್ರತಿ, ಒಂದು ಕೆಟ್ಟದ್ದು. ಅದೂ ಖಾರನ. ಆದ್ರ ಕಾಯಿ ಆಕಾರ ಬ್ಯಾರೆ ಜೀನ್‌ಗಳ ಕೈಯಾಗ ಇರತೈತಿ, ಅದು ಢಬ್ಬು ಕಡೆ ತುಸು ವಾಲಿ ಕಾಯಿ ಮೈ ತುಂಬಿ ಬಂತು. ಕಣದಾಗ ಹಂಥಾ ಕಾಯಿ ಎದ್ದು ಕಾಣತಾವು. ಬೀಜಕ್ಕ ಮೈ ತುಂಬಿದ ಕಾಯಿ ಆರಿಸೂದು ನಿಮ್ಮನಿ ಒಂದ ಪದ್ಧತಿ ಅಲ್ಲ, ನಮ್ಮ ಸೀಮಿ ತುಂಬಾ ಹಂಗ. ಆ ಗಿಡದ ಹೂ ತನ್ನ ಪರಾಗದಿಂದನ ಕಾಯಿ ಕಟ್ಟಿದ್ದಲ್ಲಿ, ಬೀಜ ನಾಕು ಇದ್ರ ಒಂದಕ್ಕ ಎರಡೂ ಕೆಟ್ಟ ಪ್ರತಿ ಬರತಾವು. ಈ ವರ್ಷದ ನಿಮ್ಮ ಸಪ್ಪನ ಗಿಡ ಅವ. ಅದಕ್ಕ ಅವು ಬದುವಿನ ಗುಂಟ ಇಲ್ಲ, ಹೊಲದ ತುಂಬಾ ಅದಾವು. ಅದಕ್ಕ ಒಂದು ಗಿಡ ಪೂರ್ತಿ ಸಪ್ಪ, ಪಕ್ಕದ್ದು ಪೂರ್ತಿ ಖಾರ.

ಎರಿಹೊಲ ಅಣ್ಣಾರ ಮಾತು ಸುಳ್ಳಲ್ಲ, ಆದ್ರ ಅದು ಬ್ಯಾರೆ ಪ್ರಶ್ನೆಗೆ ಉತ್ತರ. ಖಾರ ಇದ್ದ ಗಿಡದಾಗ ಎಷ್ಟು ಖಾರ ಅನ್ನೂದು ಭಾಳ ಜೀನ್‌ಗಳ ಕೂಡಾಟ, ಅದರ ಮ್ಯಾಲ ನೀರು, ಬಿಸಲು, ಗೊಬ್ಬರ, ಕಾಯಿ ವಯಸ್ಸು. ಮಳಿ ಹೆಚ್ಚಾಗಿ ಖಾರ ಇಳದಿದ್ರ ಇಡೀ ಹೊಲದ್ದು ಇಳೀಬೇಕಿತ್ತು. ಒಂದ ಸಾಲಿನ್ಯಾಗ ಎರಡು ಮೊಳ ಅಂತರಕ್ಕ ಮಳಿ ಬ್ಯಾರೆ ಬೀಳಂಗಿಲ್ಲಲ್ರೀ.


ಎರಿಹೊಲ (ಹುನಗುಂದ)

ಒಪ್ಪೂಣು. ಆದ್ರೂ ಒಂದು ಕೇಳ್ತೀನಿ. ಆ ಸಪ್ಪನ ಗಿಡಕ್ಕ ನೀರು ತೋರಿಸದಂಗ ಬಿಸಲಾಗ ಸುಟ್ರ ಒಂದಿಷ್ಟರೆ ಖಾರ ಬರಾಕಿಲ್ಲೇನು?


ಅರಭಾವಿ ಹಳೇ ಹುಡುಗ

ಬರಂಗಿಲ್ಲ. ಗಿಡ ಒಣಗತೈತಿ, ಕಾಯಿ ಸುಕ್ಕಾಗತೈತಿ, ಖಾರ ಮಾತ್ರ ಇಲ್ಲ. ಜೋಡಿಸೂ ಕಿಣ್ವನ ಇಲ್ಲದ ಮ್ಯಾಲ ಬರಗಾಲ ಏನ ಮಾಡೀತು? ಸಪ್ಪನ ಗಿಡದ ನಾಕು ಸಸಿ ನಿಮ್ಮ ಎರಿ ಹೊಲದಾಗ ಹಚ್ಚಿ ನೋಡ್ರಿ, ಅಣ್ಣಾರ. ಎರಿ ಭೂಮಿಗೆ ಬಟ್ಟಾ ಬರಬಾರದು ಅಂತ ನಿಮ್ಮ ಆಸೆ ನನಗ ಅರ್ಥ ಆಗತೈತಿ.


ಮಿರ್ಚಿ ಭಜಿ ಕಾಕಾ (ವಿಜಯಪುರ)

ನಡುವ ಬಾಯಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ. ನಂದು ಗೋಳಗುಮ್ಮಟದ ಹಾದ್ಯಾಗ ಭಜಿ ಗಾಡಿ ಅದ. ನಾವು ತರೋದು ಉದ್ದನ್ನ, ತೆಳು ಹಸರಿನ ಭಜಿ ಮೆಣಸಿನಕಾಯಿ. ಖಾರ ಬ್ಯಾಡ ಅಂದವರಿಗೆ ಸೀಳಿ ಬೀಜ ಉದರಿಸಿ ಕರೀತೀನಿ. ಆದ್ರೂ ಬ್ಯಾಸಗಿಯೊಳಗ ಒಂದೊಂದು ಚೀಲ ಹೆಂಥಾ ಖಾರ ಬರ್ತದ ಅಂದ್ರ, ತಿಂದಾವ ನನ್ನ ಮಾರಿ ನೋಡಿ ಬೈದು ಹೋಗ್ತಾನ. ಇದಕ್ಕೂ ಅದ ಜೀನ್ ಕಾರಣೇನು? ಬೀಜ ತಗದ ಮ್ಯಾಲೂ ಖಾರ ಎಲ್ಲಿಂದ ಬರ್ತದ?


ಅರಭಾವಿ ಹಳೇ ಹುಡುಗ

ಕಾಕಾ, ನೀವು ತಗೀಬೇಕಾದ್ದು ಬೀಜ ಅಲ್ಲ, ಬಿಳಿ ದಿಂಡು. ಬೀಜ ತಾನಾಗೆ ಖಾರ ತಯಾರ ಮಾಡಂಗಿಲ್ಲ, ದಿಂಡಿಗೆ ಒತ್ತಿಕೊಂಡು ಕುಂತು ಮೈಗೆ ಹಚ್ಚಿಕೊಂಡಿರತೈತಿ ಅಷ್ಟ. ಚಾಕುವಿನ ತುದಿಲೆ ದಿಂಡು ಕೆರದು ತಗೀರಿ, ಗಿರಾಕಿ ಬೈಯಂಗಿಲ್ಲ.

ಭಜಿ ಮೆಣಸಿನಕಾಯಿಯೊಳಗ ಪನ್1 ನೆಟ್ಟಗನ ಐತಿ, ಆದ್ರ ಪ್ರಮಾಣ ನಡಸೂ ಜೀನ್‌ಗಳು ಖಾರ ಕಮ್ಮಿ ಇಟ್ಟಾವು. ಹಿಂಥಾ ಗಿಡ ಬ್ಯಾಸಗಿಯೊಳಗ ನೀರಿಗೆ ಬಾಯಿ ಬಿಟ್ರ ಖಾರ ಏರೂದುಂಟು. ಅಲ್ಲಿ ಎರಿಹೊಲ ಅಣ್ಣಾರು ಗೆದ್ರು ಅಂತ ಬರ್ಕೋರಿ.

ಅಸ್ಸಾಂ, ನಾಗಾಲ್ಯಾಂಡ್ ಕಡಿ ಭೂತ್ ಜೊಲೊಕಿಯಾ ಸಿಕ್ರ ಮಾತ್ರ ಈ ದಿಂಡಿನ ಉಪಾಯ ನಡಿಯಂಗಿಲ್ಲ. 2007ರಾಗ ಗಿನ್ನೆಸ್‌ನವರು ಅದಕ್ಕ 10 ಲಕ್ಷ ಸ್ಕೋವಿಲ್ (ಖಾರ ಅಳಿಯೂ ಮಾಪು) ದಾಟಿದ್ದು ಅಂತ ಪಟ್ಟ ಕಟ್ಟಿದ್ರು. ಅಂಥಾ ಅತಿ ಖಾರದ ಜಾತಿಯೊಳಗ ದಿಂಡು ಅಷ್ಟ ಅಲ್ಲ, ಕಾಯಿ ಒಳಗಿನ ಗೋಡಿ ಮ್ಯಾಲೂ ಖಾರದ ಗುಳ್ಳಿ ಇರತಾವು. ಗುಂಟೂರ ಸಣ್ಣಂ ಹೋಲಿಸಿದ್ರ 35–40 ಸಾವಿರ ಸ್ಕೋವಿಲ್ ಅಂತಾರ. ಭೂತದ ಭಜಿ ಮಾಡಾಕ ಹೋಗಬ್ಯಾಡ್ರಿ, ಗಾಡಿ ಬಂದ್ ಆದೀತು.


ಮಿರ್ಚಿ ಭಜಿ ಕಾಕಾ (ವಿಜಯಪುರ)

ಹಂಗಾದ್ರ ಗಿಳಿ ಹ್ಯಾಂಗ ತಿಂತಾವ್ರಿ? ನಮ್ಮ ತಮ್ಮನ ಹೊಲದಾಗ ಖಾರದ್ದ ಹುಡುಕಿ ತಿಂತಾವ.


ಅರಭಾವಿ ಹಳೇ ಹುಡುಗ

ಹಕ್ಕಿಗೆ ಖಾರ ಹತ್ತಂಗಿಲ್ಲ. ನಮ್ಮ ನಾಲಿಗಿ ಮ್ಯಾಲ ಸುಡೂ ಬಿಸಿ ಗುರುತಿಸೂ ಒಂದು ಬಾಗಿಲೈತಿ, ಕ್ಯಾಪ್ಸೈಸಿನ್ ಅದನ್ನ ಸುಳ್ಳ ತಗೀತೈತಿ. ಅದನ್ನ 1997ರಾಗ ಡೇವಿಡ್ ಜೂಲಿಯಸ್ ಅವರ ತಂಡ ಕಂಡುಹಿಡೀತು, 2021ರಾಗ ಅವರಿಗೆ ನೊಬೆಲ್ ಬಂತು. ಹಕ್ಕಿಯೊಳಗೂ ಆ ಬಾಗಿಲೈತಿ, ಆದ್ರ ಕ್ಯಾಪ್ಸೈಸಿನ್‌ಗೆ ತಗಿಯಂಗಿಲ್ಲ. ಇಲಿ ತಿಂದ್ರ ಬೀಜ ಅಗದು ಹಾಳು ಮಾಡತೈತಿ, ಸಣ್ಣ ಹಕ್ಕಿ ನುಂಗಿ ದೂರ ಹಾಕತೈತಿ. ಕಾಡು ಮೆಣಸಿನಗಿಡಕ್ಕ ಬೇಕಾದ್ದು ಅದ. ನಿಮ್ಮ ತಮ್ಮಗ ಮಾತ್ರ ಹೊಲದ ಮ್ಯಾಲ ಬಲಿ ಹೊಚ್ಚೂದ ದಾರಿ.


ಹೊಳಿದಂಡಿ ಅಕ್ಕ

ಅಣ್ಣಾರ, ಅತ್ತಿಯವರಿಗೆ ಓದಿ ಹೇಳಿದೆ. ಬಸುರಿ ಮುಖದ ಮಾತಿಗೆ ನಕ್ಕೋತ ಕುಂತಾರ, ಆದ್ರ "ಗಾಳಿ ಹೌದಲ್ಲ ಮತ್ತ, ಎರಡು ವರ್ಷದ ಹಿಂದಿಂದು" ಅಂತ ತಮ್ಮ ಮಾತು ಬಿಟ್ಟಿಲ್ಲ. ಈಗ ಸಪ್ಪನ ಗಿಡ ಕಿತ್ತು ಒಗದು, ಉಳದ ಖಾರದ ಗಿಡದ ಬೀಜ ಇಟ್ರ ಆತಲ್ಲ?

ಇನ್ನೊಂದು. ಸಪ್ಪನ ಕಾಯಿ ಬಣ್ಣ ಮಾತ್ರ ಭಾಳ ಚೊಲೊ ಐತಿ, ಕಡುಕೆಂಪು. ಒಬ್ಬ ವ್ಯಾಪಾರಿ ನೋಡಿ "ಬ್ಯಾಡಗಿ ಅಂತ ಹೇಳಿ ಮಾರ್ರಿ, ಅದರಾಗೂ ಖಾರಿಲ್ಲ, ಬಣ್ಣ ಐತಿ" ಅಂದ.


ಅರಭಾವಿ ಹಳೇ ಹುಡುಗ

ಅತ್ತಿಯವರು ಹೇಳಿದ್ದರಾಗ ಅರ್ಧ ಸತ್ಯ ಐತಿ, ಗಾಳಿ ಬದಲಿ ಜೇನುಹುಳ ಅಂತ ಮಾಡ್ಕೋರಿ. ಮೆಣಸಿನಕಾಯಿ ಹೂವಿನ್ಯಾಗ ಗಂಡು ಹೆಣ್ಣು ಎರಡೂ ಇರತಾವು, ತನ್ನಷ್ಟಕ್ಕ ಕಾಯಿ ಕಟ್ಟತೈತಿ. ಆದ್ರ ಹೊರಗಿನ ಪರಾಗ ಕೂಡೂದು ಶೇ 7ರಿಂದ 90ರ ಮಟಾ ಅಂತ ಬ್ಯಾರೆ ಬ್ಯಾರೆ ಕಡೆ ಅಳದವರು ಬರದಾರ. ಅದಕ್ಕ ಪ್ರಮಾಣಿತ ಬೀಜದ ಪ್ಲಾಟಿಗೆ ಬ್ಯಾರೆ ತಳಿಯಿಂದ 200 ಮೀಟರ್, ಮೂಲ ಬೀಜಕ್ಕ 400 ಮೀಟರ್ ಅಂತರ ಇಡಬೇಕಂತ ನಮ್ಮ ದೇಶದ ಬೀಜ ನಿಯಮದಾಗ ಐತಿ. ನಿಮ್ಮ ನಡುವ ಇರೂದು ಒಂದು ಬದು. ಈಗಿನ ಶೇಡ್‌ನೆಟ್ಟಿನ ಬಲಿ ಸಣ್ಣದಿದ್ದು ಬಾಗಿಲಾ ಮುಚ್ಚಿದ್ರ ಬಯಲಾಗಿನದಕ್ಕಿಂತ ವಾಸಿ.

ಸಪ್ಪನ ಗಿಡ ಕಿತ್ತರ ಸಾಲಂಗಿಲ್ಲ. ಹ್ವಾದ ವರ್ಷದ ಬೆರಕಿ ಗಿಡದ ಮಕ್ಕಳಾಗ ಖಾರ ಇರೂ ಮೂರರಲ್ಲಿ ಎರಡು ಒಳಗೊಳಗ ಕೆಟ್ಟ ಪ್ರತಿ ಇಟ್ಕೊಂಡಿರತಾವು. ನಾಲಿಗಿಗೆ ಗೊತ್ತಾಗಂಗಿಲ್ಲ. ಅವನ್ನ ಹಿಡಿಯೂ ದಾರಿ ಹೇಳ್ತೀನಿ, ಸ್ವಲ್ಪ ತಾಳ್ಮಿ ಬೇಕು.

ಕಾಯಿ ಆರಿಸಬ್ಯಾಡ್ರಿ, ಗಿಡ ಆರಿಸ್ರಿ. ಗಿಡ ನಿಂತಿದ್ದಾಗನ, ಅಪ್ಪಟ ಸಂಕೇಶ್ವರಿ ಆಕಾರದ್ದು, ಉದ್ದ, ಸಣಕಲು, ರೋಗಿಲ್ಲದ್ದು ನೋಡಿ ಒಂದು ಇಪ್ಪತ್ತು ಗಿಡಕ್ಕ ಬಟ್ಟಿ ಚಿಂದಿ ಕಟ್ರಿ. ಅದರಾಗಿನ ಕಾಯಿ, ಅರಳಿದ ಹೂ ಎಲ್ಲಾ ತಗದು, ಬುಡಕ್ಕ ಒಂದೊಂದು ಕೊಡ ನೀರು ಹಾಕಿ, ಮೊಗ್ಗು ಒಡಿಯೂಕಿಂತ ಮೊದಲ ಹಳೇ ಸೊಳ್ಳಿ ಪರದಿ ಹೊಚ್ಚಿ ಬುಡದಾಗ ಕಟ್ರಿ. ಮುಂಜಾನೆ ಹೋದಾಗ ಗಿಡ ಮೆತ್ತಗ ಅಲ್ಲಾಡಸ್ರಿ, ಪರಾಗ ಉದುರಿ ಕಾಯಿ ನಿಲ್ಲತಾವು. ಒಳಗ ಕಟ್ಟಿದ ಮೊದಲಿನ ಕಾಯಿಗೆ ದಾರ ಕಟ್ಟಿ ಗುರ್ತು ಇಟ್ರ ಪರದಿ ತಗದ ಮ್ಯಾಲೂ ಗೊಂದಲ ಆಗಂಗಿಲ್ಲ.

ಒಂದೊಂದು ಗಿಡದ ಬೀಜ ಒಂದೊಂದು ಪಾಕೀಟಿನ್ಯಾಗ, ನಂಬರ್ ಹಾಕಿ. ಕೂಡಿಸಬ್ಯಾಡ್ರಿ. ಮುಂದಿನ ಹಂಗಾಮಿಗೆ ಪ್ರತಿ ಪಾಕೀಟಿನ ಅರ್ಧ ಬೀಜ ಬಿತ್ತಿ ಒಂದು ಪಾಕೀಟಿಗೆ ಒಂದು ಸಾಲು ಹಚ್ರಿ, ಅರ್ಧ ಡಬ್ಬ್ಯಾಗ ಇರಲಿ. ಸಾಲಿನ್ಯಾಗ ಕನಿಷ್ಠ 12 ಗಿಡ, 16 ಆದ್ರ ಇನ್ನೂ ಚೊಲೊ. ತಾಯಿ ಒಳಗೊಳಗ ಕೆಟ್ಟ ಪ್ರತಿ ಇಟ್ಕೊಂಡಿದ್ರ 12ರಾಗ ಒಂದೂ ಸಪ್ಪ ಬರದ ತಪ್ಪಿಸಿಕೊಳ್ಳೂ ಸಾಧ್ಯತೆ ಶೇ 3ರಷ್ಟು, 16 ಗಿಡಕ್ಕ ಶೇ 1. ಯಾವ ಸಾಲಿನ್ಯಾಗ ಒಂದ ಒಂದು ಗಿಡ ಸಪ್ಪ ಕಂಡ್ರೂ ಆ ನಂಬರಿನ ಪಾಕೀಟು ಒಲಿಗೆ ಹಾಕ್ರಿ. ಬೀಜ ಮಾತ್ರ ಆ ಸಾಲುಗಳಿಂದ ಇಡಬ್ಯಾಡ್ರಿ, ಬಯಲಾಗ ಒಂದಕ್ಕೊಂದು ಕೂಡಿರತಾವು. ಚೊಲೊ ನಂಬರಿನ ಉಳಿಸಿಟ್ಟ ಅರ್ಧ ಬೀಜನ ನಿಮ್ಮ ಮುಂದಿನ ತಳಿ. ಪೂರಾ ಒಣಗಿಸಿ, ಗಾಳಿ ಆಡದ ಡಬ್ಬ್ಯಾಗ ತಂಪಿನ ಜಾಗಾದಾಗ ಇಟ್ರ ಅಷ್ಟು ದಿನಕ್ಕ ಬೀಜಕ್ಕ ಏನೂ ಆಗಂಗಿಲ್ಲ.

ಮಗಗ ಹೇಳ್ರಿ, ಸತ್ವ ಹೋಗಿಲ್ಲ, ಬೆರಕಿ ಆಗೇತಿ. ಹೈಬ್ರಿಡ್ ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ, ನನ್ನ ಹೊಟ್ಟಿ ತುಂಬೂದು ಅದರಿಂದನ. ಆದ್ರ ಆ ಪಾಕೀಟಿನ್ಯಾಗ ಸಂಕೇಶ್ವರಿ ಇರಂಗಿಲ್ಲ, ಅದರ ಬೀಜ ಇಟ್ರ ಮುಂದಿನ ವರ್ಷ ಗಿಡಕ್ಕೊಂದು ನಮೂನಿ ಬರತೈತಿ.

ಬ್ಯಾಡಗಿ ವಿಷಯಕ್ಕ, ಆ ವ್ಯಾಪಾರಿ ಮಾತು ಕೇಳಬ್ಯಾಡ್ರಿ. ಬ್ಯಾಡಗಿಯೊಳಗ ಖಾರ ಕಮ್ಮಿ, ಇಲ್ಲಂತ ಅಲ್ಲ. ಪನ್1 ಅಲ್ಲಿ ನೆಟ್ಟಗೈತಿ. ಕೆಂಪು ಬಣ್ಣ ಬರೂದು ಕ್ಯಾಪ್ಸಾಂಥಿನ್ ಅನ್ನೂ ವಸ್ತುವಿನಿಂದ, ಅದರ ಜೀನ್‌ಗಳೇ ಬ್ಯಾರೆ, ಖಾರಕ್ಕೂ ಅದಕ್ಕೂ ಲೇವಾದೇವಿ ಇಲ್ಲ. ನಿಮ್ಮ ಕಾಯಿ ಸಪ್ಪ ಇದ್ದೂ ಕೆಂಪಾಗಿರೂದು ಹಿಂಗ. ಮತ್ತ ಬ್ಯಾಡಗಿಗೆ 2011ರಾಗ ಜಿಐ ಟ್ಯಾಗ್ ಬಂದೈತಿ, ಆ ಹೆಸರಿಲೆ ಬ್ಯಾರೆ ಕಾಯಿ ಮಾರಿದ್ರ ಕಾಯ್ದೆ ಅಡ್ಡ ಬರತೈತಿ. ಸಪ್ಪಂದು ಬ್ಯಾರೆ ಒಣಗಿಸಿ ಮನಿ ಸಾರಿಗೆ ಬಣ್ಣಕ್ಕ ಇಟ್ಕೋರಿ.


ಹೊಳಿದಂಡಿ ಅಕ್ಕ

ಆತ್ರಿ ಅಣ್ಣಾರ. ಇವತ್ತ ಸಂಜಿಕ ಹದಿನೆಂಟು ಗಿಡಕ್ಕ ಚಿಂದಿ ಕಟ್ಟೇವಿ, ಗಿಡ ಅತ್ತಿಯವರ ಆರಿಸಿದ್ರು. ಸೊಳ್ಳಿ ಪರದಿ ಮನ್ಯಾಗ ಎರಡ ಅದಾವು, ಉಳದದ್ದಕ್ಕ ಹಳೇ ಮಲ್ ಬಟ್ಟಿ ಧೋತರ ನಡೀತೈತೇನು?


ಅರಭಾವಿ ಹಳೇ ಹುಡುಗ

ನಡೀತೈತಿ. ಗಾಳಿ ಬೆಳಕು ಹೋಗೂವಂಗ ತೆಳು ಇರಬೇಕು, ಹುಳ ಹೋಗದಂಗ ಬುಡ ಬಿಗಿ ಇರಬೇಕು. ಬಟ್ಟಿ ಟೊಂಗಿ ಮ್ಯಾಲ ಭಾರ ಬೀಳದಂಗ ನಡುವ ಮೂರು ತೊಗರಿಕಟ್ಟಿಗಿ ಹೂಳ್ರಿ. ವಾರಕ್ಕೊಮ್ಮಿ ಬಿಚ್ಚಿ ಎಲಿ ತಳಗ ನುಸಿ ಆಗೇತೇನು ನೋಡ್ರಿ. ಬಿಚ್ಚೂದು ಸಂಜಿಮುಂದ, ಜೇನುಹುಳ ಗೂಡಿಗೆ ಹ್ವಾದ ಮ್ಯಾಲ.